ಕಸ ತುಂಬಿಸಿದ ಹಳೇ ಕ್ವಾರಿ ಮೂಲೆಯಲ್ಲಿ ಇಂಗುಬಾವಿ ಹಾಕಬಹುದಾ?

ಕೆರೆಕೋಡಿ (ಪ್ರಶ್ನೆ)

ಬೆಂಗಳೂರಿನ ಉತ್ತರದ ಅಂಚಿನಲ್ಲಿ 2 ಎಕರೆ ಅಪಾರ್ಟ್‌ಮೆಂಟ್ ಸೈಟು. ಈಶಾನ್ಯ ಮೂಲೆಯಲ್ಲಿ ಸುಮಾರು ಅರ್ಧ ಎಕರೆಯಷ್ಟು ಹಳೇ ಕಲ್ಲು ಕ್ವಾರಿ ಇತ್ತು. ಹಿಂದಿನ ಮಾಲೀಕರ ಕಾಲದಲ್ಲಿ ಅದಕ್ಕೆ ಊರ ಕಸ, ಕಟ್ಟಡದ ಡೆಬ್ರಿ ಎಲ್ಲ ಸುರಿದು ಮೇಲೆ ಎರಡಡಿ ಕೆಮ್ಮಣ್ಣು ಹರಡಿದ್ದಾರೆ. ಬೋರ್‌ಹೋಲ್ ಹಾಕಿಸಿದಾಗ 7 ಮೀಟರ್‌ವರೆಗೆ ಪ್ಲಾಸ್ಟಿಕ್, ಬಟ್ಟೆ, ಇಟ್ಟಿಗೆ ಚೂರು, ಕಪ್ಪು ಮಣ್ಣು ಸಿಕ್ಕಿತು. ಅದರ ಕೆಳಗೆ ಸೀದಾ ಬಂಡೆ. ಉಳಿದ ಒಂದೂವರೆ ಎಕರೆ ಸಹಜ ನೆಲ: ಮೇಲೆ ಜೇಡಿ ಬೆರೆತ ಕೆಮ್ಮಣ್ಣು, 3.2 ಮೀಟರ್‌ನಿಂದ ಗೊಚ್ಚು (ಬಂಡೆ ಶಿಥಿಲವಾಗಿ ಆದ ಗರಸು ಮಣ್ಣು), 9–10 ಮೀಟರ್‌ಗೆ ಬಂಡೆ.

ಕಟ್ಟಡ ಪೂರ್ತಿ ಸಹಜ ನೆಲದ ಮೇಲೇ ಬರುತ್ತೆ, ಬೇಸ್‌ಮೆಂಟ್ ಇಲ್ಲ. ಕ್ವಾರಿ ಮೂಲೆ ಪಾರ್ಕಿಗೆ. ಮಳೆನೀರಿನ ಡ್ರಾಯಿಂಗ್‌ನಲ್ಲಿ ಆರು ಇಂಗುಬಾವಿ ತೋರಿಸಿದ್ದಾರೆ. ಒಂದೊಂದೂ 5 ಅಡಿ ಅಗಲ, 20 ಅಡಿ ಆಳ. ಸೈಟಿನ ಇಳಿಜಾರು ಆ ಕಡೆಗೇ ಇರೋದರಿಂದ ಮೂರು ಬಾವಿ ಆ ಮೂಲೆಯಲ್ಲೇ ಬರುತ್ತವೆ. ಚಾವಣಿ 1,500 ಚದರ ಮೀಟರ್, ರಸ್ತೆ ಮತ್ತು ಪೇವರ್ ಹಾಸು 2,500 ಚದರ ಮೀಟರ್. ಚಾವಣಿ ನೀರಿಗೆ 100 ಘನ ಮೀಟರ್ ಸಂಪ್ ಬೇರೆ ಇದೆ. ಕ್ವಾರಿ ಅಂಚಿನಿಂದ 60 ಮೀಟರ್ ದೂರದಲ್ಲಿ ನಮ್ಮದೇ ಬೋರ್‌ವೆಲ್ ಇದೆ.

ತುಂಬಿಸಿದ ಮಣ್ಣು ಸಡಿಲ, ನೀರು ಬೇಗ ಇಂಗುತ್ತೆ, ಒಳ್ಳೇದೇ ಅಲ್ವಾ ಅಂತ ಡ್ರಾಯಿಂಗ್ ಮಾಡಿದವರ ವಾದ. ನನಗೆ ಸಮಾಧಾನ ಆಗ್ತಿಲ್ಲ. ಆ ಮೂರು ಬಾವಿ ಇರಲಾ, ತೆಗೆಯಲಾ? ತೆಗೆದರೆ ಆ ನೀರು ಎಲ್ಲಿಗೆ? ಮೂಲೆಯ ಮೇಲೆ ಏನು ಹೊದಿಸಬೇಕು?

ನೆಲಗಟ್ಟು

ಮೂರನ್ನೂ ತೆಗೆಯಿರಿ. ಬಾವಿ ಮಾತ್ರವಲ್ಲ, ಆ ಅರ್ಧ ಎಕರೆಯ ಮೇಲೆ ನೀರು ಇಂಗುವ ಯಾವ ವ್ಯವಸ್ಥೆಯೂ ಬೇಡ: ಇಂಗುಗುಂಡಿ ಬೇಡ, ಸಂದು ಬಿಟ್ಟ ಪೇವರ್ ಬೇಡ, ಸ್ಪ್ರಿಂಕ್ಲರ್ ಹಾಕಿ ದಿನವೂ ನೆನೆಸುವ ಹುಲ್ಲುಹಾಸೂ ಬೇಡ.

ಕಸದೊಳಗೆ ಇಳಿದ ನೀರು ಲೀಚೇಟ್ ಆಗಿಯೇ, ಅಂದರೆ ಕಸದ ಕೊಳೆ ಕರಗಿಸಿಕೊಂಡ ನೀರಾಗಿಯೇ ಹೊರಗೆ ಬರುವುದು. ಹಳೆಯ ಕಸದಲ್ಲಿ ಬಿಒಡಿ (ಕೊಳೆಯುವ ಸಾವಯವ ಅಂಶದ ಅಳತೆ) ಇಳಿದಿರಬಹುದು, ಆದರೆ ಅಮೋನಿಯಾ, ಕ್ಲೋರೈಡ್, ಕರಗಿದ ಲವಣ ಬಹಳ ಕಾಲ ಉಳಿಯುತ್ತವೆ. ನಿಯಮದಂತೆ ಕಟ್ಟಿದ ಭೂಭರ್ತಿಯ (ಕಸ ಹೂಳುವ ಜಾಗದ) ತಳದಲ್ಲಿ 90 ಸೆಂ.ಮೀ. ಜೇಡಿ, ಅದರ ಮೇಲೆ 1.5 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ ಇರಬೇಕು. ಆ ಜೇಡಿಯ ನೀರು ಬಿಡುವ ಗುಣ 1×10⁻⁷ ಸೆಂ.ಮೀ./ಸೆಕೆಂಡ್ ಮೀರುವಂತಿಲ್ಲ, ಅಂತರ್ಜಲದ ಅತಿ ಎತ್ತರದ ಮಟ್ಟವೂ ಅದರ ತಳದಿಂದ 2 ಮೀಟರ್ ಕೆಳಗಿರಬೇಕು. 2016ರ ಘನತ್ಯಾಜ್ಯ ನಿಯಮ ಹೇಳಿದ್ದು ಇದನ್ನು. ನಿಮ್ಮ ಕ್ವಾರಿಯ ತಳದಲ್ಲಿ ಇದ್ಯಾವುದೂ ಇಲ್ಲ. ಇರುವುದು ಸಿಡಿಮದ್ದಿಗೆ ಬಿರುಕು ಬಿಟ್ಟ ಬಂಡೆ. ಮಣ್ಣಿನ ಪದರದಲ್ಲಾದರೆ ಲೀಚೇಟ್ ನಿಧಾನ ಸಾಗುತ್ತೆ, ಒಂದಿಷ್ಟು ಸೋಸಿಕೊಳ್ಳುತ್ತೆ. ಬಂಡೆ ಬಿರುಕಿನಲ್ಲಿ ಸೋಸುವುದೇ ಇಲ್ಲ, ಆ ಬಿರುಕುಗಳೇ ಬೋರ್‌ವೆಲ್‌ಗೆ ನೀರು ತರುವ ದಾರಿ. ಯಲಹಂಕದ ಹತ್ತಿರದ ಮಾವಳ್ಳಿಪುರದ ಕಸದ ಗುಡ್ಡೆಯ ಲೀಚೇಟ್ ಸುತ್ತಲಿನ ನೀರಿಗೆ ಸೇರಿದ್ದು ಪರೀಕ್ಷೆಗಳಲ್ಲಿ ದಾಖಲಾಗಿದೆ. ನಿಮ್ಮ ಬೋರ್ ಇರುವುದು ಬರೀ 60 ಮೀಟರ್ ದೂರದಲ್ಲಿ.

ಇನ್ನೊಂದು, ನೆಲ ಕೂರುವುದು. ಒಣಗಿದ್ದಾಗ ಗಟ್ಟಿಯಾಗಿ ಕಾಣುವ ಸಡಿಲ ತುಂಬು ನೀರು ಕಂಡ ಕೂಡಲೇ ಕುಸಿಯುತ್ತೆ, ಮೇಲೆ ಭಾರವೇ ಬೇಕಿಲ್ಲ. ಒದ್ದೆಯಾದ ಕಸ ಬೇಗ ಕೊಳೆಯುತ್ತೆ, ಕೊಳೆತಷ್ಟೂ ಕೂರುತ್ತೆ, ಕೂತಲ್ಲಿ ಮಳೆನೀರು ಮಡುಗಟ್ಟಿ ಮತ್ತೆ ಒಳಗಿಳಿಯುತ್ತೆ. ಬಾವಿ ರಿಂಗುಗಳು ವಾಲಿ ಜಾಯಿಂಟ್ ಬಿಡುವುದು ಹೀಗೇ.

ಎಲ್ಲಕ್ಕಿಂತ ಅಪಾಯ ಗ್ಯಾಸಿನದು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಕಿಡಿ ಸಾಕು. ಕಸದ ನಡುವೆ 20 ಅಡಿ ಬಾವಿ ತೋಡಿ ಮೇಲೆ ಚಪ್ಪಡಿ ಮುಚ್ಚಿದರೆ ಗ್ಯಾಸ್ ಕೂಡಿಡುವ ಕೋಣೆ ಕಟ್ಟಿದಂತೆ. ಹೂಳು ತೆಗೆಯಲು ಇಳಿದವರಿಗೆ ಆಮ್ಲಜನಕವೇ ಸಿಗದಿರಬಹುದು, ಹೈಡ್ರೋಜನ್ ಸಲ್ಫೈಡ್ ಬೇರೆ. ಈಗ ಅಲ್ಲಿ ಬೋರ್‌ಹೋಲ್ ತೆರೆದಿದ್ದರೆ ಇವತ್ತೇ ಗ್ಯಾಸ್ ಮೀಟರ್ ಇಳಿಸಿ ನೋಡಿ. ಹತ್ತಿರ ಬೀಡಿ, ವೆಲ್ಡಿಂಗ್ ಯಾವುದೂ ಬೇಡ.

ಹೊದಿಕೆಯ ವಿಷಯ ನಂತರ ಬರೆಯುತ್ತೇನೆ, ಅದು ಉದ್ದವಿದೆ.

ಜಲಸೆಲೆ

ನೆಲಗಟ್ಟು ಅವರು ಹೇಳಿದ್ದು ಸರಿ. ಅದರ ಜೊತೆ ಒಂದು ಸೇರಿಸುತ್ತೇನೆ: ಸಹಜ ನೆಲದಲ್ಲಿ ಹಾಕುವ ಬಾವಿಗಳೂ ಕ್ವಾರಿ ಅಂಚಿಗೆ ಅಂಟಿಕೊಂಡಿರಬಾರದು. ಇಂಗಿದ ನೀರು ಬಾವಿ ಸುತ್ತ ದಿಬ್ಬದ ಹಾಗೆ ಏರಿ ಪಕ್ಕಕ್ಕೂ ಹರಡುತ್ತೆ. ಕ್ವಾರಿ ಒಂದು ಕಲ್ಲಿನ ಬಾನಿ ಇದ್ದ ಹಾಗೆ, ಗೋಡೆ ಬಿರುಕಿನಿಂದ ನೀರು ನುಗ್ಗಿದರೆ ಕಸ ಕೆಳಗಿನಿಂದ ನೆನೆಯುತ್ತೆ, ಮೇಲೆ ಎಂಥ ಹೊದಿಕೆ ಹಾಕಿದರೂ ಪ್ರಯೋಜನ ಇಲ್ಲ. ನಾನಾದರೆ 30 ಮೀಟರ್ ಬಿಡುತ್ತೇನೆ. ಇದು ನಿಯಮದ ಅಂಕಿ ಅಲ್ಲ, ನಿಮ್ಮಂಥ ನೆಲಕ್ಕೆ ನನ್ನ ತೀರ್ಮಾನ.

ಯಾವ ಕಡೆ ಬಿಡಬೇಕು ಅನ್ನೋದಕ್ಕೆ ಅಂತರ್ಜಲ ಯಾವ ಕಡೆ ಹರಿಯುತ್ತೆ ಅಂತ ಗೊತ್ತಿರಬೇಕು. ಒಂದೇ ಸಾಲಿನಲ್ಲಿ ಬರದಂತೆ ತ್ರಿಕೋನವಾಗಿ ಮೂರು ಪೀಜೋಮೀಟರ್ (ಅಂತರ್ಜಲದ ಮಟ್ಟ ಅಳೆಯುವ ಪೈಪು) ಹಾಕಿ, ಒಂದೇ ದಿನ ಮೂರರ ನೀರಿನ ಮಟ್ಟ ಅಳೆದು, ಲೆವೆಲ್ ಒಯ್ದು ನಕ್ಷೆ ಮಾಡಿ. ಕಸಕ್ಕಿಂತ ಮೇಲ್ಹರಿವಿನ ಕಡೆ ನೀರು ಇಂಗಿಸಿದರೆ ಅದು ಕಸದ ಮೂಲಕವೇ ಹಾಯುತ್ತೆ. ಆ ಪೈಪುಗಳಿಂದಲೂ ಬೋರ್‌ವೆಲ್‌ನಿಂದಲೂ ಈಗಲೇ ನೀರು ತೆಗೆದು ವಿದ್ಯುತ್ ವಾಹಕತೆ, ಕ್ಲೋರೈಡ್, ಅಮೋನಿಯಾ, ನೈಟ್ರೇಟ್, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಐಎಸ್ 10500ರಲ್ಲಿ ಕ್ಲೋರೈಡ್ 250, ನೈಟ್ರೇಟ್ 45, ಅಮೋನಿಯಾ 0.5 ಮಿ.ಗ್ರಾಂ./ಲೀಟರ್. ಅಮೋನಿಯಾ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ಕಸವನ್ನೇ ಮೊದಲು ಅನುಮಾನಿಸಿ, ಆದರೆ ಶೌಚಾಲಯದ ಪಿಟ್ ಅಥವಾ ಒಡೆದ ಒಳಚರಂಡಿಯಿಂದಲೂ ಹೀಗಾಗುತ್ತೆ. ಹರಿವಿನ ದಿಕ್ಕಿನ ನಕ್ಷೆ ಕೈಲಿದ್ದರೆ ಯಾವುದು ಅಂತ ಬಿಡಿಸಿಕೊಳ್ಳಬಹುದು.

ಇನ್ನು ಇಂಗುವ ವೇಗ. ಡಬಲ್ ರಿಂಗ್ ಪರೀಕ್ಷೆ (ಒಂದರೊಳಗೊಂದು ಎರಡು ರಿಂಗು ನೆಟ್ಟು ನೀರು ಇಂಗುವುದನ್ನು ಅಳೆಯೋದು) ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 30 ಮತ್ತು 60 ಸೆಂ.ಮೀ. ರಿಂಗು ನೆಲದ ಮೇಲ್ಮೈಗೆ, ಹುಲ್ಲುಹಾಸಿಗೆ ಸರಿ. 6 ಮೀಟರ್ ಬಾವಿ ನೀರು ಕುಡಿಯೋದು ಗೊಚ್ಚಿನಲ್ಲಿ, ಅಲ್ಲೇ ಪರೀಕ್ಷೆ ಆಗಬೇಕು. ಕ್ರಮ ಹೀಗೆ:

ಜೆಸಿಬಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೊಚ್ಚಿನ ತಲೆವರೆಗೆ ಅಗಲವಾಗಿ ತೆಗೆದು, ಅದರ ತಳದಲ್ಲಿ 2 ಮೀಟರ್ ಉದ್ದ, 0.6 ಮೀಟರ್ ಅಗಲ, 1.2 ಮೀಟರ್ ಆಳದ ಗುಂಡಿ. ಬಕೆಟ್ ಉಜ್ಜಿದ ಗೋಡೆ ಮೇಲೆ ಜೇಡಿ ಮೆತ್ತಿ ನಯವಾಗಿರುತ್ತೆ, ಉದ್ದ ಕೋಲಿಗೆ ಕಟ್ಟಿದ ಕುಂಟೆಯಿಂದ ಅದನ್ನು ಕೆರೆದು ಹಾಕಿ. ಗುಂಡಿಗೆ ಯಾರೂ ಇಳಿಯಬಾರದು, ಅಳತೆ ಎಲ್ಲ ಮೇಲಿಂದ ಗುರುತು ಹಾಕಿದ ಕೋಲಿನಲ್ಲೇ. ತುಂಬಿಸಲು ಒಂದು ಸಲಕ್ಕೆ 1,440 ಲೀಟರ್. ಮೂರು ಸಲ ತುಂಬಿಸಬೇಕು, 6,000 ಲೀಟರ್ ಟ್ಯಾಂಕರ್ ಒಂದು ಸಾಕು. ಪ್ರತಿ ಸಲ ನೀರು 90 ಸೆಂ.ಮೀ.ನಿಂದ 30 ಸೆಂ.ಮೀ.ಗೆ ಇಳಿಯಲು ಹಿಡಿದ ಸಮಯ ಬರೆದುಕೊಳ್ಳಿ. ಆ ನಡುವೆ ಇಂಗಿದ ನೀರು 0.72 ಘನ ಮೀಟರ್. ಅರ್ಧ ತುಂಬಿದಾಗ ಒದ್ದೆ ಇರುವ ಗೋಡೆ ಮತ್ತು ತಳ ಸೇರಿ 4.32 ಚದರ ಮೀಟರ್. ಇಂಗಿದ ನೀರನ್ನು ಈ ವಿಸ್ತೀರ್ಣದಿಂದಲೂ ಗಂಟೆಯಿಂದಲೂ ಭಾಗಿಸಿದರೆ ಇಂಗುವ ವೇಗ ಬರುತ್ತೆ. ಮೂರರಲ್ಲಿ ಅತಿ ನಿಧಾನದ್ದನ್ನೇ ಹಿಡಿಯಿರಿ. ಒಣ ಮಣ್ಣು ಮೊದಲ ಸಲ ನೀರನ್ನು ಹೀರಿಕೊಳ್ಳುತ್ತೆ, ಆ ಅಂಕಿ ನಂಬಿದರೆ ಬಾವಿಗಳ ಸಂಖ್ಯೆ ಅರ್ಧಕ್ಕೆ ಇಳಿದುಬಿಡುತ್ತೆ, ಆಷಾಢದಲ್ಲಿ ಎಲ್ಲ ಉಕ್ಕುತ್ತವೆ.

ಆಳದಲ್ಲಿ ಬೇಕಿದ್ದರೆ ಬೋರ್‌ಹೋಲ್‌ನಲ್ಲೇ ಐಎಸ್ 5529 ಭಾಗ 1ರ ಪ್ರಕಾರ ನೀರು ಇಂಗುವ ಪರೀಕ್ಷೆ ಮಾಡಿಸಬಹುದು.

ಗೊಚ್ಚುಮಣ್ಣು

ಕಸವನ್ನೇ ತೆಗೆದುಬಿಡಿ ಅನ್ನೋದು ನನ್ನ ಅಭಿಪ್ರಾಯ. 2,000 ಚದರ ಮೀಟರ್, 7 ಮೀಟರ್ ಆಳ, ಅಂದರೆ 14,000 ಘನ ಮೀಟರ್. ಅಗೆದ ಮೇಲೆ ಕಾಲುಭಾಗ ಉಬ್ಬಿದರೆ 17,500. ಒಂದು ಟಿಪ್ಪರ್‌ಗೆ 12 ಘನ ಮೀಟರ್ ಅಂದರೆ ಸುಮಾರು 1,450 ಲೋಡು. ಟ್ರೊಮೆಲ್‌ನಲ್ಲಿ (ತಿರುಗುವ ಉರುಳೆ ಜರಡಿ) ಜರಡಿ ಹಿಡಿದರೆ ಕಲ್ಲು, ಇಟ್ಟಿಗೆ ವಾಪಸ್ ತುಂಬಲು ಬರುತ್ತೆ, ಪ್ಲಾಸ್ಟಿಕ್ಕನ್ನು ಉರುವಲಾಗಿ ಸಿಮೆಂಟ್ ಕಾರ್ಖಾನೆಗೆ ಕಳಿಸಬಹುದು. ಮುಚ್ಚಿಟ್ಟರೆ ಮುಂದೆ ಮನೆ ಕೊಂಡವರ ಸಂಘ ಅದರ ಹೊಣೆ ಹೊರಬೇಕು.

ನೆಲಗಟ್ಟು

ಗೊಚ್ಚುಮಣ್ಣು ಅವರೇ, ಶಾಶ್ವತ ಪರಿಹಾರ ಅದೇ, ಒಪ್ಪುತ್ತೇನೆ. ಆದರೆ ಅರ್ಧ ಅಗೆದು ಮಳೆಗಾಲಕ್ಕೆ ಸಿಕ್ಕಿದರೆ ಇಂದಿನ ಸ್ಥಿತಿಗಿಂತ ಕೆಟ್ಟದ್ದಾಗುತ್ತೆ: ತೆರೆದ ಕಸದ ಗುಂಡಿಯಲ್ಲಿ ನೀರು ನಿಂತು ಪೂರ್ತಿ ಲೀಚೇಟ್. ಡಿಸೆಂಬರ್‌ನಲ್ಲಿ ಶುರು ಮಾಡಿ ಏಪ್ರಿಲ್ ಒಳಗೆ ಮುಗಿಸುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಬೇಕು. ಜರಡಿಯ ಕೆಳಗೆ ಬೀಳುವ ಸಣ್ಣ ಮಣ್ಣನ್ನು ಗೊಬ್ಬರ ಅಂತ ಪಾರ್ಕಿಗೆ ಹಾಕುವ ಮುಂಚೆ ಭಾರಲೋಹದ ಪರೀಕ್ಷೆ ಆಗಲೇಬೇಕು, ಗಾಜಿನ ಚೂರೂ ಇರುತ್ತೆ.

ಮುಚ್ಚುವುದಾದರೆ 2016ರ ನಿಯಮದ ಹೊದಿಕೆ ಕೆಳಗಿನಿಂದ ಮೇಲಕ್ಕೆ: 60 ಸೆಂ.ಮೀ. ಜೇಡಿ (1×10⁻⁷ ಮೀರದ್ದು), 15 ಸೆಂ.ಮೀ. ನೀರು ಹರಿಸುವ ಜಲ್ಲಿ ಪದರ, 45 ಸೆಂ.ಮೀ. ಗಿಡ ಬೆಳೆಯುವ ಮಣ್ಣು. ಕಾಗದದಲ್ಲಿ ಸುಲಭ, ನಿಮ್ಮ ಸೈಟಿನಲ್ಲಿ ಜೇಡಿ ಪದರವೇ ಕಷ್ಟ. ನಮ್ಮ ಕೆಮ್ಮಣ್ಣನ್ನು ಎಷ್ಟೇ ದಮ್ಮಸು ಮಾಡಿದರೂ ಸಾಮಾನ್ಯವಾಗಿ 10⁻⁵, 10⁻⁶ರ ಆಸುಪಾಸಿನಲ್ಲೇ ನಿಲ್ಲುತ್ತೆ. ಬೆಂಟೊನೈಟ್ (ನೀರು ಕಂಡರೆ ಉಬ್ಬುವ ಜೇಡಿ) ಬೆರೆಸಬೇಕು. ಜೇಡಿ ಪದರ 1,200 ಘನ ಮೀಟರ್, ಒಣ ಸಾಂದ್ರತೆ 1.75 ಟನ್ ಹಿಡಿದರೆ 2,100 ಟನ್ ಮಣ್ಣು. ಶೇ 8 ಅಂದರೆ 168 ಟನ್ ಬೆಂಟೊನೈಟ್. ಅದನ್ನು ಸಮನಾಗಿ ಬೆರೆಸಿ, ಗರಿಷ್ಠ ಸಾಂದ್ರತೆಯ ತೇವಕ್ಕಿಂತ ಶೇ 2–4 ಹೆಚ್ಚು ನೀರಿಟ್ಟು, 15 ಸೆಂ.ಮೀ. ಪದರಗಳಲ್ಲಿ ಕುರಿಗಾಲು ರೋಲರ್ ಓಡಿಸಬೇಕು. ನೀರು ಹೆಚ್ಚು ಬೇಕಾದ್ದು ಹೆಂಟೆಗಳು ಕಲಸಿ ಒಂದಾಗಲಿ ಎಂದು. ಒಣ ಕಡೆ ದಮ್ಮಸು ಮಾಡಿದರೆ ಸಾಂದ್ರತೆ ಬರುತ್ತೆ, ಹೆಂಟೆಗಳ ನಡುವಿನ ಸಂದಿನಲ್ಲಿ ನೀರು ಓಡುತ್ತೆ. ಅಲ್ಲದೆ ಕೆಳಗೆ ಕಸ ಇರುವಾಗ ರೋಲರ್ ಅಡಿ ನೆಲ ಸ್ಪ್ರಿಂಗಿನಂತೆ ಪುಟಿಯುತ್ತೆ, ದಮ್ಮಸು ಕೂರುವುದೇ ಇಲ್ಲ.

ಹಾಗಾಗಿ ನನ್ನ ಆಯ್ಕೆ ಎಲ್‌ಎಲ್‌ಡಿಪಿಇ (ಹಿಗ್ಗುವ ಪ್ಲಾಸ್ಟಿಕ್) ಹಾಳೆ 1.5 ಮಿ.ಮೀ., ಅದರಡಿ ಜಿಸಿಎಲ್ (ಎರಡು ಬಟ್ಟೆಗಳ ನಡುವೆ ಬೆಂಟೊನೈಟ್ ಇರುವ ಹಾಸು). ತಳಕ್ಕೆ ಎಚ್‌ಡಿಪಿಇ ಸರಿ, ಹೊದಿಕೆಗೆ ಎಲ್‌ಎಲ್‌ಡಿಪಿಇ ವಾಸಿ, ನೆಲ ಒಂದೊಂದು ಕಡೆ ಒಂದೊಂದು ರೀತಿ ಕೂತಾಗ ಅದು ಹರಿಯದೆ ಹಿಗ್ಗುತ್ತೆ. ಜೇಡಿಯ ಬದಲು ಇದನ್ನು ಹಾಕುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಮಾನತೆಯ ಲೆಕ್ಕ ಬರೆದು ಕೊಡಬೇಕು. ಕ್ರಮ: ಈಗಿನ ಕೆಮ್ಮಣ್ಣನ್ನು ಸರಿಪಡಿಸಿ ಶೇ 5 ಇಳಿಜಾರು ಕೊಡಿ, ಕೂತ ಮೇಲೂ ಶೇ 3 ಉಳಿಯಬೇಕು. ಅದರ ಮೇಲೆ 30 ಸೆಂ.ಮೀ. ಜಲ್ಲಿ ಪದರ, ಒಳಗೆ ತೂತು ಪೈಪ್, ತುದಿಗೆ ಬಾಗಿದ ಕೊಳವೆ, ಇದು ಗ್ಯಾಸ್ ಹೊರಹೋಗಲು. ಅದರ ಮೇಲೆ ದಪ್ಪ ಜಿಯೋಟೆಕ್ಸ್‌ಟೈಲ್ (ನೆಲದಡಿ ಹಾಸುವ ಸಿಂಥೆಟಿಕ್ ಬಟ್ಟೆ), ಜಿಸಿಎಲ್, ಹಾಳೆ, ಮತ್ತೆ ಜಿಯೋಟೆಕ್ಸ್‌ಟೈಲ್, ಜಲ್ಲಿ, ಮಣ್ಣು. ಜಿಸಿಎಲ್ ತುಂಡುಗಳು 30 ಸೆಂ.ಮೀ. ಒಂದರ ಮೇಲೊಂದು ಬರಬೇಕು, ಸಂದಿಗೆ ಬೆಂಟೊನೈಟ್ ಪುಡಿ. ಒಟ್ಟು 2,300 ಚದರ ಮೀಟರ್ ಆರ್ಡರ್ ಮಾಡಿ. ಹಾಸಿದ ದಿನವೇ ಮೇಲೆ ಹಾಳೆ ಮತ್ತು 30 ಸೆಂ.ಮೀ. ಜಲ್ಲಿ-ಮಣ್ಣಿನ ಭಾರ ಬೀಳಬೇಕು. ಭಾರವಿಲ್ಲದೆ ಒಂದು ರಾತ್ರಿ ಮಳೆಗೆ ನೆನೆದರೆ ಬೆಂಟೊನೈಟ್ ಉಬ್ಬಿ, ಮೇಲೆ ಕಾಲಿಟ್ಟಲ್ಲೆಲ್ಲ ಪಕ್ಕಕ್ಕೆ ಜಾರಿ ತೆಳುವಾಗುತ್ತೆ. ಆ ತುಂಡು ತೆಗೆದು ಹೊಸದು ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ.

ಮೇಲೆ ಹುಲ್ಲು ಮಾತ್ರ. ಹೊಂಗೆ, ಬೇವು ನೆಟ್ಟರೆ ಬೇರು ಹಾಳೆಯ ಅಂಚು ಹುಡುಕಿಕೊಂಡು ಹೋಗುತ್ತೆ.

ಕೆರೆಕೋಡಿ

ಮೂವರಿಗೂ ತುಂಬಾ ಧನ್ಯವಾದ. ಪರೀಕ್ಷೆ ಮಾಡಿಸಿದೆವು. ಗೊಚ್ಚಿನಲ್ಲಿ ಮೂರು ಸಲದ ಸಮಯ 190, 290, 400 ನಿಮಿಷ. ಮೇಲಿನ ಕೆಮ್ಮಣ್ಣಿನಲ್ಲೂ 1.5 ಮೀಟರ್ ಆಳದಲ್ಲಿ ಮಾಡಿಸಿದೆವು, ಗಂಟೆಗೆ 6 ಮಿ.ಮೀ. ಬಂತು. ಅಂತರ್ಜಲ ನೈರುತ್ಯದಿಂದ ಈಶಾನ್ಯಕ್ಕೆ, ಅಂದರೆ ಕ್ವಾರಿ ಕಡೆಗೇ ಹೋಗ್ತಿದೆ. ನಮ್ಮ ಬೋರ್‌ವೆಲ್ ಮೇಲ್ಹರಿವಿನಲ್ಲಿದೆ, ನೀರು ಸದ್ಯ ಚೆನ್ನಾಗಿದೆ. ಎರಡು ಪ್ರಶ್ನೆ. ಬಾವಿ ಬದಲು 40 ಮೀಟರ್ ಉದ್ದ, 1 ಮೀಟರ್ ಅಗಲ, 1.5 ಮೀಟರ್ ಆಳದ ಜಲ್ಲಿ ಕಾಲುವೆ ಸಾಕಾಗಲ್ವಾ? ರಸ್ತೆ ನೀರನ್ನ ಫಿಲ್ಟರ್ ಮಾಡಿ ಬೋರ್‌ವೆಲ್‌ಗೇ ಬಿಡಿ ಅಂತಲೂ ಒಬ್ಬರು ಹೇಳ್ತಿದ್ದಾರೆ.

ಮತ್ತೆ, ರಾಜಕಾಲುವೆ ಇರೋದು ಕ್ವಾರಿ ಮೂಲೆಯ ಆಚೆ. ಓವರ್‌ಫ್ಲೋ ಅದನ್ನ ದಾಟಲೇಬೇಕು.

ಜಲಸೆಲೆ

ರಸ್ತೆ ನೀರು ಬೋರ್‌ವೆಲ್‌ಗೆ ಬೇಡವೇ ಬೇಡ. ಎಣ್ಣೆ, ಟೈರ್ ಪುಡಿ, ನಾಯಿ ಹೇಲು ಎಲ್ಲ ಸೇರಿದ ನೀರು ಅದು. ಮರಳು ಫಿಲ್ಟರ್ ಕೆಸರನ್ನು ಹಿಡಿಯುತ್ತೆ, ಕರಗಿದ್ದನ್ನು ಹಿಡಿಯಲ್ಲ. ಗೊಚ್ಚಿನ ಮೂಲಕ ನಿಧಾನ ಇಳಿದರೆ ಮಣ್ಣು ಒಂದಷ್ಟು ಕೆಲಸ ಮಾಡುತ್ತೆ, ಬೋರ್‌ವೆಲ್ ಆ ಪದರವನ್ನೇ ದಾಟಿಬಿಡುತ್ತೆ.

400 ನಿಮಿಷದ ಲೆಕ್ಕಕ್ಕೆ ಗಂಟೆಗೆ 25 ಮಿ.ಮೀ. (190 ಹಿಡಿದಿದ್ದರೆ 52 ಬರುತ್ತಿತ್ತು, ನೋಡಿ.) ಹೂಳು ಕಟ್ಟುವುದನ್ನು ಲೆಕ್ಕಕ್ಕೆ ಹಿಡಿದು 2.5ರಿಂದ ಭಾಗಿಸಿ 10 ಮಿ.ಮೀ. ಇಟ್ಟುಕೊಳ್ಳೋಣ.

60 ಮಿ.ಮೀ. ಮಳೆಗೆ ಚಾವಣಿಯಿಂದ 1,500 × 0.06 × 0.9 = 81 ಘನ ಮೀಟರ್, ಅದು ಸಂಪಿಗೆ. (0.9 ಅಂದರೆ ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು, ರಸ್ತೆಗೆ 0.7.) ರಸ್ತೆಯಿಂದ 2,500 × 0.06 × 0.7 = 105 ಘನ ಮೀಟರ್. ಒಂದು ಬಾವಿಯಲ್ಲಿ ಬಳಕೆಗೆ ಬರುವ ಆಳ 5 ಮೀಟರ್ ಹಿಡಿದರೆ 8.8 ಘನ ಮೀಟರ್. 10 ಮಿ.ಮೀ. ವೇಗದಲ್ಲಿ ತುಂಬಿದ ಬಾವಿ ಅರ್ಧಕ್ಕೆ ಇಳಿಯಲು 23–24 ಗಂಟೆ. 24 ಗಂಟೆಯೊಳಗೆ ಅರ್ಧ ಖಾಲಿಯಾಗಬೇಕು ಅನ್ನೋ ಸಾಮಾನ್ಯ ಅಳತೆಗೆ ಸರಿಯಾಗಿ ಕೂರುತ್ತೆ. ಪೂರ್ತಿ ಬತ್ತಲು ಮಾತ್ರ 100 ಗಂಟೆ, ಯಾಕಂದರೆ ಕೊನೆಕೊನೆಗೆ ತಳ ಒಂದೇ ಕೆಲಸ ಮಾಡೋದು. (ಮೇಲಿನ ಭಾಗದ ಗೋಡೆ ಕೆಮ್ಮಣ್ಣು, ಅಲ್ಲಿ ಇನ್ನೂ ನಿಧಾನ. ಆದ್ದರಿಂದ ಸಾಧ್ಯವಾದರೆ ಬಾವಿಯನ್ನು 7 ಮೀಟರ್‌ಗೆ ಇಳಿಸಿ.)

ಜಲ್ಲಿ ಕಾಲುವೆ ಕೈಬಿಡಿ. ಜಲ್ಲಿಯ ಖಾಲಿ ಜಾಗ ಶೇ 38 ಹಿಡಿದರೆ ಅದರಲ್ಲಿ ನಿಲ್ಲೋದು 23 ಘನ ಮೀಟರ್, 6 ಮಿ.ಮೀ. ಕೆಮ್ಮಣ್ಣಿನಲ್ಲಿ ಅದೇ 2.5ರ ಭಾಗಾಕಾರ ಮಾಡಿದರೆ ಅರ್ಧ ಇಳಿಯಲು 37 ಗಂಟೆ. ಮಳೆಗಾಲ ಪೂರ್ತಿ ಕಾಲುವೆ ತುಂಬಿಕೊಂಡೇ ಇರುತ್ತೆ, ಸೊಳ್ಳೆ ಬೇರೆ.

ಆರು ಬಾವಿಗೆ 53 ಘನ ಮೀಟರ್. ಉಳಿದ 52ಕ್ಕೆ 7.5 × 3.5 × 2 ಮೀಟರ್ ಟ್ಯಾಂಕು. ತಳದಿಂದ 100 ಮಿ.ಮೀ. ಪೈಪಿನಲ್ಲಿ ಬಾವಿಗಳಿಗೆ ಜೋಡಿಸಿ, ಬಾವಿ ಇಳಿದ ಹಾಗೆ ಟ್ಯಾಂಕೂ ತಾನೇ ಇಳಿಯುತ್ತೆ. ಟ್ಯಾಂಕು ಬರಿದಾಗಲು ಸುಮಾರು 60 ಗಂಟೆ ಬೇಕು. ಸೆಪ್ಟೆಂಬರ್ ಸಂಜೆ ಮಳೆ ದಿನಬಿಟ್ಟು ದಿನ ಬರುತ್ತೆ, ಅದಕ್ಕೇ ಓವರ್‌ಫ್ಲೋ ಬೇಕೇ ಬೇಕು. ನಡುವೆ ಆ ನೀರಿನಲ್ಲಿ ರಸ್ತೆ ತೊಳೆದರೆ ಬೇಗ ಖಾಲಿ ಆಗುತ್ತೆ. ಹರಿವು ಕ್ವಾರಿ ಕಡೆಗೆ ಇರೋದರಿಂದ ಬಾವಿಗಳನ್ನ ದಕ್ಷಿಣ ಮತ್ತು ಪಶ್ಚಿಮದ ಅಂಚಿನ ಉದ್ದಕ್ಕೂ ಹಂಚಿ, ಆದಷ್ಟು ಕ್ವಾರಿಯ ನೇರಕ್ಕೆ ಬರದಂತೆ ನೋಡಿ. ಬಾವಿ ಬಾವಿಗೆ ಕನಿಷ್ಠ ಅದರ ಆಳದಷ್ಟು ಅಂತರ, ಫೌಂಡೇಶನ್‌ನಿಂದ 3 ಮೀಟರ್‌ಗಿಂತ ಹತ್ತಿರ ಬೇಡ. ಮೊದಲ ಎರಡು ಮಳೆಗಾಲ ಕ್ವಾರಿ ಪಕ್ಕದ ಪೀಜೋಮೀಟರ್ ನೋಡುತ್ತಿರಿ, ಮಟ್ಟ ಕಸದ ತಳದವರೆಗೆ ಏರಿದರೆ ಹತ್ತಿರದ ಬಾವಿಗಳ ಬಾಯಿ ಮುಚ್ಚಬೇಕಾಗುತ್ತೆ.

ರಿಂಗಿನ ಹೊರಸುತ್ತು 15 ಸೆಂ.ಮೀ. ಬಿಟ್ಟು ತೊಳೆದ 20 ಮಿ.ಮೀ. ಜಲ್ಲಿ ತುಂಬಿಸಿ. ತೊಳೆಯದ ಜಲ್ಲಿಯ ಪುಡಿಯೇ ಗೊಚ್ಚಿನ ಸಂದು ಮುಚ್ಚುತ್ತೆ. ತಳಕ್ಕೆ ಜಿಯೋಟೆಕ್ಸ್‌ಟೈಲ್ ಹಾಸಬೇಡಿ, ಅಲ್ಲಿ ಹೂಳು ಕಟ್ಟಿದರೆ ತೆಗೆಯಲಾಗದು; 30 ಸೆಂ.ಮೀ. ಜಲ್ಲಿ ಸಾಕು. ಪ್ರತಿ ಬಾವಿಗೂ ಮುಂಚೆ ಹೂಳುಗುಂಡಿ ಇರಲಿ. ಮುಖ್ಯವಾಗಿ, ಟೈಲ್ಸ್, ಪೇಂಟು, ಪ್ಲಾಸ್ಟರು ಎಲ್ಲ ಮುಗಿಯುವವರೆಗೆ ಬಾವಿಗೆ ಪೈಪ್ ಜೋಡಿಸಲೇಬೇಡಿ. ಕೆಲಸ ನಡೆಯುವಾಗ ಇಳಿದ ಒಂದು ಸಲದ ಸಿಮೆಂಟ್ ನೀರು ಗೊಚ್ಚಿನ ಮೇಲೆ ಗಾರೆ ಬಳಿದ ಹಾಗೆ ಕೂರುತ್ತೆ, ಆಮೇಲೆ ಕೆರೆದರೂ ಬಾವಿ ಮೊದಲಿನ ಹಾಗೆ ಕುಡಿಯಲ್ಲ.

ನೆಲಗಟ್ಟು

ಓವರ್‌ಫ್ಲೋ ಬಗ್ಗೆ: ಕ್ವಾರಿ ಅಂಚಿನಲ್ಲಿ ಬಂಡೆ ಕೂರುವುದಿಲ್ಲ, ಅದರಿಂದ ಒಂದು ಮೀಟರ್ ಆಚೆ ಕಸ ಕೂರುತ್ತೆ. 7 ಮೀಟರ್ ಕಸ ಇನ್ನು ಶೇ 5 ಕೂತರೂ 35 ಸೆಂ.ಮೀ. ಸಾಕೆಟ್ ಜಾಯಿಂಟಿನ ಆರ್‌ಸಿಸಿ ಪೈಪು ಹೂತಿದ್ದರೆ ಸರಿಯಾಗಿ ಆ ಗೆರೆಯಲ್ಲೇ ಬಿಡುತ್ತೆ, ಇಡೀ ಸೈಟಿನ ನೀರು ಯಾರಿಗೂ ಕಾಣದಂತೆ ಕಸಕ್ಕೆ ಇಳಿಯುತ್ತೆ. ಇಂಗುಬಾವಿ ತೆಗೆದು ಇದನ್ನು ಹಾಕಿದರೆ ಏನೂ ತೆಗೆದಂತಾಗಲಿಲ್ಲ.

ಸರ್ವೆ ನೋಡಿ, ಕಾಂಪೌಂಡ್ ಗುಂಟ ಬಂಡೆಯ ಮೇಲೆ 1.5 ಮೀಟರ್ ಜಾಗ ಸಿಕ್ಕರೆ ಪೈಪನ್ನು ಅಲ್ಲೇ ಸುತ್ತಿಸಿ, ಉದ್ದ ಹೆಚ್ಚಾದರೂ ಚಿಂತೆಯಿಲ್ಲ. ಸಿಗದಿದ್ದರೆ ಕಸದ ಮೇಲೆ ತೆರೆದ ಚರಂಡಿ: ಹೊದಿಕೆಯ ಹಾಳೆ ಅದರ ಅಡಿಯಲ್ಲೂ ಹಾದುಹೋಗಲಿ, ಮೇಲೆ 1 ಮೀಟರ್ ಉದ್ದದ ಪ್ರೀಕಾಸ್ಟ್ ತುಂಡುಗಳು, 50ಕ್ಕೆ 1 ಇಳಿಜಾರು. ಕೂತರೆ ಕಣ್ಣಿಗೆ ಕಾಣುತ್ತೆ, ತುಂಡು ಎತ್ತಿ ಮಟ್ಟ ಮಾಡಬಹುದು. ಮುಚ್ಚಿದ ಪೈಪೇ ಬೇಕೆಂದರೆ ವೆಲ್ಡ್ ಮಾಡಿದ ಎಚ್‌ಡಿಪಿಇ ಒಂದೇ ಉದ್ದವಾಗಿ, ಅಂಚಿನ ಎರಡೂ ಕಡೆ ಇನ್‌ಸ್ಪೆಕ್ಷನ್ ಚೇಂಬರ್. ಆ ಚೇಂಬರ್‌ಗಳ ಮುಚ್ಚಳದಲ್ಲಿ ಗಾಳಿ ಕೊಳವೆ ಇಡಿ, ಗ್ಯಾಸ್ ಅಲ್ಲಿಗೂ ಬರುತ್ತೆ.

ಹೊದಿಕೆ ಮುಗಿದ ದಿನವೇ 10 ಮೀಟರ್‌ಗೊಂದರಂತೆ ಲೆವೆಲ್ ಗೂಟ ನೆಟ್ಟು ಮೊದಲ ರೀಡಿಂಗ್ ತೆಗೆಯಿರಿ. ಮೊದಲ ವರ್ಷ ತಿಂಗಳಿಗೊಮ್ಮೆ, ಆಮೇಲೆ ಮೇ ಕೊನೆಗೊಮ್ಮೆ ಮತ್ತು ನವೆಂಬರ್‌ನಲ್ಲೊಮ್ಮೆ ಸಾಕು. ಚರಂಡಿಯ ಇಳಿಜಾರು 100ಕ್ಕೆ 1ಕ್ಕಿಂತ ಕಡಿಮೆಯಾದಲ್ಲಿ ಮುಂಗಾರಿಗೆ ಮುಂಚೆ ತುಂಡುಗಳನ್ನು ಎತ್ತಿ ಅಡಿಗೆ ಎಂ-ಸ್ಯಾಂಡ್ ತುಂಬಿಸಿ.